ಸ್ಮ್ಯಾಶ್ ಹೊಡೆದು ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ತಿದ್ದಬೇಕಾ?

ಪ್ರಶ್ನೆ (ಸಕಲೇಶಪುರದ ಒಬ್ಬ ತಾಯಿ): ನಮಸ್ತೆ ಮೇಡಂ. ಮಗಳು ಒಂಬತ್ತನೇ ಕ್ಲಾಸು, ವಾಲಿಬಾಲ್ ಆಡುತ್ತಾಳೆ. ಸ್ಮ್ಯಾಶ್ ಹೊಡೆದು ಕೆಳಗೆ ಬರುವಾಗ ಅವಳ ಎಡ ಮಂಡಿ ಒಳಕ್ಕೆ ವಾಲುತ್ತದೆ. ವಿಡಿಯೋ ನಿಧಾನವಾಗಿ ಓಡಿಸಿ ನೋಡಿದೆ. ನೋವೇನೂ ಇಲ್ಲ. ಪಿಟಿ ಮೇಷ್ಟ್ರು, "ಅದು ಅವಳ ಸ್ಟೈಲು, ತಿದ್ದೋಕೆ ಹೋದ್ರೆ ಜಂಪ್ ಕೆಡುತ್ತೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ (ಕ್ರೀಡಾ ಫಿಸಿಯೋಥೆರಪಿಸ್ಟ್, ಹಾಸನ): ನೋವು ಬರುವ ಮುಂಚೆಯೇ ಕೇಳಿದಿರಲ್ಲ, ತುಂಬಾ ಒಳ್ಳೆಯದಾಯಿತು. ತಿದ್ದಿ. ಜಂಪ್ ಕೆಡುವುದಿಲ್ಲ.

ಮಂಡಿಯೊಳಗೆ ಎಸಿಎಲ್ ಅನ್ನುವ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಡುವ ಗಟ್ಟಿ ಪಟ್ಟಿ ಇದೆ. ಮಂಡಿಯ ಕೆಳಗಿನ ಕಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವುದು ಅದೇ. ಯಾರೋ ಬಂದು ಗುದ್ದಿದರೆ ಮಾತ್ರ ಅದು ಹರಿಯುತ್ತದೆ ಎಂದು ಸುಮಾರು ಜನ ನಂಬಿದ್ದಾರೆ. ಹೆಚ್ಚಿನ ಸಲ ಹಾಗಾಗುವುದಿಲ್ಲ. ಎಗರಿ ಇಳಿಯುವಾಗಲೋ, ಓಡುತ್ತಾ ಗಕ್ಕನೆ ತಿರುಗುವಾಗಲೋ ಮಂಡಿ ಹೀಗೆ ಒಳಕ್ಕೆ ವಾಲಿದರೆ ಯಾರೂ ಮುಟ್ಟದೆಯೇ ಹರಿಯಬಹುದು. ಕಾಲು ನೆಲ ಮುಟ್ಟಿ ಸೆಕೆಂಡಿನ ಹತ್ತನೇ ಒಂದು ಭಾಗವೂ ಆಗಿರುವುದಿಲ್ಲ. ಅಷ್ಟರಲ್ಲಿ ಯೋಚನೆ ಮಾಡಿ ಕಾಲು ಸರಿಮಾಡಿಕೊಳ್ಳಲು ಆಗುತ್ತದಾ? ಅದಕ್ಕೇ ಅಭ್ಯಾಸ ಬೇಕು. ಈ ವಯಸ್ಸಿನ ಹುಡುಗಿಯರಿಗೆ, ಅದೇ ಆಟ ಆಡುವ ಹುಡುಗರಿಗಿಂತ ಈ ಅಪಾಯ ಜಾಸ್ತಿ. ಹಾಗಂತ ಮಂಡಿ ವಾಲಿದವರಿಗೆಲ್ಲ ಪೆಟ್ಟಾಗುವುದಿಲ್ಲ. ವಿಡಿಯೋ ನೋಡಿ ಭವಿಷ್ಯ ಹೇಳಲು ಬರುವುದಿಲ್ಲ, ಹೆದರಬೇಡಿ.

ಮೇಷ್ಟ್ರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಎಗರುವ ಬಲ ಬರುವುದು ಸೊಂಟ, ಮಂಡಿ, ಪಾದದ ಕೀಲು ಮೂರೂ ಮಡಚಿ ಒಟ್ಟಿಗೆ ಚಿಮ್ಮಿದಾಗ. ಮಂಡಿ ಒಳಕ್ಕೆ ಹೋಗುವುದರಿಂದ ಒಂದಿಂಚೂ ಎತ್ತರ ಸಿಗುವುದಿಲ್ಲ.

ಎಡಗಾಲೇ ಯಾಕೆ ಅಂದರೆ, ಬಲಗೈಯಲ್ಲಿ ಹೊಡೆಯುವವರು ಸಾಮಾನ್ಯವಾಗಿ ಎಡಗಾಲಿನ ಮೇಲೇ ಇಳಿಯುತ್ತಾರೆ. ಬಾಲ್ ತಲೆಯ ಹಿಂದಕ್ಕೆ ಹೋಗಿಬಿಟ್ಟರಂತೂ ಮೈ ವಾಲಿ, ಇಡೀ ಭಾರ ಆ ಒಂದು ಕಾಲಿಗೆ ಬೀಳುತ್ತದೆ. ಆದ್ದರಿಂದ ವಿಡಿಯೋ ಇನ್ನೊಮ್ಮೆ ನೋಡಿ. ಬಾಲ್ ಎಲ್ಲಿದ್ದಾಗ ಹೊಡೆಯುತ್ತಾಳೆ? ಎಷ್ಟೋ ಸಲ ತಪ್ಪು ಇರುವುದು ಇಳಿಯುವುದರಲ್ಲಿ ಅಲ್ಲ, ಓಡಿ ಬರುವ ಟೈಮಿಂಗ್‌ನಲ್ಲಿ. ಅದು ಸರಿಹೋದರೆ ಹೊಡೆತಕ್ಕೂ ಬಲ ಬರುತ್ತದೆ, ಎರಡು ಕಾಲಿನ ಮೇಲೂ ಇಳಿಯುತ್ತಾಳೆ.

ಮನೆಯಲ್ಲಿ ಒಂದು ಗಿಡ್ಡ ಬೆಂಚಿನಿಂದ ಕನ್ನಡಿ ಮುಂದೆ ಇಳಿಸಿ. "ಮಂಡಿ ಹೊರಗೆ ಇಡು" ಅನ್ನಬೇಡಿ, "ಸದ್ದಾಗದ ಹಾಗೆ ಇಳಿ" ಅನ್ನಿ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ಸದ್ದು ಕಮ್ಮಿಯಾಗಬೇಕಾದರೆ ಸೊಂಟ, ಮಂಡಿ ಬಗ್ಗಲೇಬೇಕು. ಮಂಡಿ ಪಾದದ ನೇರಕ್ಕೆ ನಿಂತರೆ ಸಾಕು. ಅದು ರೂಢಿಯಾದ ಮೇಲೆ ಒಂಟಿ ಕಾಲಿನ ಮೇಲೆ ಇಳಿಸಿ. ಜೊತೆಗೆ ಸೊಂಟದ ಪಕ್ಕದ ಸ್ನಾಯು, ತೊಡೆಯ ಹಿಂಭಾಗ ಗಟ್ಟಿಯಾಗಬೇಕು. ಫುಟ್‌ಬಾಲಿನವರಿಗಾಗಿ ಮಾಡಿದ ಫಿಫಾ 11+ ಅನ್ನುವ 20 ನಿಮಿಷದ ವಾರ್ಮಪ್ ಇದೆ. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಪೆಟ್ಟು ಕಮ್ಮಿಯಾಗಿದೆ. ಮೇಷ್ಟ್ರಿಗೆ ತೋರಿಸಿ, ಇಡೀ ಟೀಮಿಗೇ ಮಾಡಿಸಲಿ.

ಪ್ರಶ್ನೆ (ಅರಸೀಕೆರೆಯ ಒಬ್ಬ ತಂದೆ): ಮೇಡಂ, ನಮ್ಮೂರ ಡೇವಿಡ್ ಜಾನ್ಸನ್ 1996ರಲ್ಲಿ ಭಾರತಕ್ಕೆ ಆಡಿದವರು. ಮಗನಿಗೂ ಫಾಸ್ಟ್ ಬೌಲಿಂಗ್ ಹುಚ್ಚು, 16 ವರ್ಷ. ಮುಂದಿನ ಕಾಲು ನೆಟ್ಟಗೆ ಊರಿ ಬೌಲ್ ಮಾಡುತ್ತಾನೆ. ಈಗ ಹಿಂದಕ್ಕೆ ಬಾಗಿದರೆ ಸೊಂಟ ನೋವು. ಕಾಲು ಮಡಚಲು ಹೇಳಲಾ?

ಉತ್ತರ: ಬೇಡ, ಇಲ್ಲಿ ಲೆಕ್ಕವೇ ಬೇರೆ. ನೆಟ್ಟಗಿನ ಮುಂಗಾಲಿನಿಂದಲೇ ವೇಗ ಬರುತ್ತದೆ. ಮೈಮೇಲೆ ಭಾರ ಬೀಳುವುದೂ ಅದರಿಂದಲೇ. ಅದನ್ನು ತೆಗೆದರೆ ಅವನ ಬೌಲಿಂಗೇ ಹೋಗುತ್ತದೆ. ನಾನಾದರೆ ಮೊದಲು ನೋಡುವುದು ಸೊಂಟ ಬ್ಯಾಟ್ಸ್‌ಮನ್ ಕಡೆಗಿದ್ದು ಭುಜ ಪಕ್ಕಕ್ಕೆ ತಿರುಗಿದೆಯಾ ಅಂತ. ಆ ತಿರುಚಾಟಕ್ಕೂ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಬಿರುಕು ಬಿಡುವುದಕ್ಕೂ ನಂಟಿದೆ. ವಾರಕ್ಕೆ ಎಷ್ಟು ಓವರ್ ಅನ್ನುವುದೂ ಅಷ್ಟೇ ಮುಖ್ಯ.

ಆದರೆ ಆಕ್ಷನ್ ತಿದ್ದುವುದು ಆಮೇಲೆ. ಈ ವಯಸ್ಸಿನ ಫಾಸ್ಟ್ ಬೌಲರ್‌ಗೆ ಹಿಂದಕ್ಕೆ ಬಾಗಿದಾಗ ನೋವು ಅಂದರೆ ಇವತ್ತಿಂದಲೇ ಬೌಲಿಂಗ್ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಂಆರ್‌ಐ ಬೇಕಾ ಅಂತ ನೀವೇ ಕೇಳಿ. ನೋವಿನ ಮಾತ್ರೆ ನುಂಗಿಸಿ ಮಾತ್ರ ಆಡಿಸಬೇಡಿ, ದಯವಿಟ್ಟು.

ಪ್ರಶ್ನೆ (ಸಕಲೇಶಪುರದ ತಾಯಿ): ಮುಂದಿನ ತಿಂಗಳು ತಾಲ್ಲೂಕು ಮ್ಯಾಚ್ ಇದೆ ಮೇಡಂ. ಆಡಿಸಬಹುದಾ?

ಉತ್ತರ: ಧಾರಾಳವಾಗಿ. ನೋವಿಲ್ಲ ತಾನೇ? ಹೊಸ ಲ್ಯಾಂಡಿಂಗ್ ಅಭ್ಯಾಸ ಪ್ರಾಕ್ಟೀಸ್‌ನಲ್ಲಿ ನಡೆಯಲಿ. ಮ್ಯಾಚಿನಲ್ಲಿ ಮಂಡಿ ನೆನಪಿಸಬೇಡಿ, ಬಾಲ್ ನೋಡಿಕೊಂಡು ಆಡಲಿ. ಎರಡು ವಾರಕ್ಕೊಮ್ಮೆ ಫೋನನ್ನು ಮಂಡಿ ಎತ್ತರಕ್ಕೆ ಹಿಡಿದು, ಎದುರಿನಿಂದ ವಿಡಿಯೋ ಮಾಡಿ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.