ಪಾರ್ಸೆಲ್‌ನಲ್ಲಿ ಡ್ರಗ್ಸ್ ಇದೆ ಅಂತ ಅಮ್ಮನಿಗೆ ಕಾಲ್ ಬಂತು, ನಿಮಗೂ ಬಂದಿತ್ತಾ?

ಕೇಳಿದವರು: ಅಮ್ಮನಿಗೆ 68 ವರ್ಷ. ನಿನ್ನೆ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಯಾರೋ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡು ಹೆದರಿಸಿದ್ದಾರೆ. ದುಡ್ಡು ಹೋಗಿಲ್ಲ, ಆದರೆ ಆಧಾರ್ ನಂಬರ್ ಹೇಳಿಬಿಟ್ಟಿದ್ದಾರೆ. ಮುಂದೇನು ಮಾಡಲಿ? ಅನುಭವ ಇದ್ದವರು ಹೇಳಿ.

ನಿವೃತ್ತ ಮೇಷ್ಟ್ರು: ನನ್ನನ್ನು ಎರಡು ದಿನ ಕ್ಯಾಮೆರಾ ಮುಂದೆ ಕೂರಿಸಿದ್ದರು. ಬಚ್ಚಲಿಗೂ ಫೋನ್ ಹಿಡಿದುಕೊಂಡೇ ಹೋಗಬೇಕು. ಅವನ ಹಿಂದೆ ಗೋಡೆಯಲ್ಲಿ ಗಾಂಧೀಜಿ ಫೋಟೋ, ಮೇಜಿನ ಮೇಲೆ ಬಾವುಟ, ವಾಕಿಟಾಕಿ ಸದ್ದು. ‘ದುಡ್ಡನ್ನು ಆರ್‌ಬಿಐ ಖಾತೆಗೆ ಹಾಕಿ, ಪರಿಶೀಲಿಸಿ ವಾಪಸ್ ಕೊಡ್ತೀವಿ’ ಅಂದ. ಎಫ್‌ಡಿ ಮುರಿಸಿದೆ. ಅವಧಿಗೆ ಮುಂಚೆ ಅಂತ ಬಡ್ಡಿಯಲ್ಲೂ ಕಡಿತ. ಮೊದಲ ದಿನ 2,80,000, ಮಾರನೆಯ ದಿನ 3,60,000. ಬ್ಯಾಂಕಿಗೆ ಹೋದಾಗಲೂ ಕಾಲ್ ಕಟ್ ಮಾಡದೆ ಜೇಬಲ್ಲಿ ಇಟ್ಟುಕೊಂಡಿದ್ದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮೂರನೇ ದಿನ. ಅಷ್ಟರಲ್ಲಿ ದುಡ್ಡು ಎಷ್ಟೋ ಖಾತೆಗಳಿಗೆ ಹಂಚಿಹೋಗಿತ್ತು. ತಡೆದದ್ದು 38,500 ಮಾತ್ರ. ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ, ವಕೀಲರಿಗೆ 9,000, ಏಳು ತಿಂಗಳ ಓಡಾಟ.

ಅಂಗಡಿ ಲೆಕ್ಕ: ನನಗೂ ಇದೇ ಕಾಲ್ ಬಂತು, ಎರಡೇ ನಿಮಿಷಕ್ಕೆ ಕಟ್ ಮಾಡಿದೆ. ಹೀಗೆ ವಿಡಿಯೋ ಕಾಲ್‌ನಲ್ಲೇ ಬಂಧಿಸಿಡೋ ‘ಡಿಜಿಟಲ್ ಅರೆಸ್ಟ್’ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ‘ಮನ್ ಕಿ ಬಾತ್’ನಲ್ಲಿ ಹೇಳಿದ್ದರು. ಯುಪಿಐಗೆ ನನ್ನದು ಬೇರೆಯೇ ಖಾತೆ, ಅದರಲ್ಲಿ 5,000ಕ್ಕಿಂತ ಜಾಸ್ತಿ ಇಡಲ್ಲ. ಓದಿದವರು ಎರಡು ದಿನ ಹೇಗೆ ಕೂತರೋ, ನನಗಂತೂ ಅರ್ಥ ಆಗಲ್ಲ.

ನಿವೃತ್ತ ಮೇಷ್ಟ್ರು: ಆಗೋದೂ ಬೇಡ ಸ್ವಾಮಿ. ನನಗೆ ಕಾಲ್ ಬಂದಿದ್ದು ಆ ಭಾಷಣಕ್ಕೂ ಮುಂಚೆ. ‘ನಿಮ್ಮ ಮಗಳನ್ನೂ ಎತ್ತಾಕೊಂಡು ಬರ್ತೀವಿ’ ಅಂತ ಅವಳ ಆಫೀಸಿನ ವಿಳಾಸ ಓದಿ ಹೇಳಿದರೆ ನೀವೂ ಕೂರ್ತಿದ್ರಿ.

ಎರಡು ಮಕ್ಕಳ ತಾಯಿ: ನನಗೆ ಕಾಲೇ ಬರಲಿಲ್ಲ. ಗೊತ್ತಿದ್ದವರ ನಂಬರಿನಿಂದ ಮದುವೆ ಕರೆಯೋಲೆ ಅಂತ ಫೈಲ್ ಬಂತು. ಹೆಸರಿನ ಕೊನೆಗೆ ಎಪಿಕೆ ಅಂತಿತ್ತು, ಅಂದರೆ ಫೋನಿಗೆ ಆ್ಯಪ್ ಹಾಕೋ ಫೈಲ್. ಒತ್ತಿದೆ. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟೆ. ರಾತ್ರಿ 2.10ಕ್ಕೆ 49,000, 2.13ಕ್ಕೆ 43,400. ಓಟಿಪಿ ನನ್ನ ಕಣ್ಣಿಗೇ ಬೀಳಲಿಲ್ಲ, ಎಲ್ಲ ಅವರಿಗೇ ಹೋಗುತ್ತಿತ್ತು. ಬೆಳಗ್ಗೆ 6ಕ್ಕೆ 1930ಕ್ಕೆ ತಿಳಿಸಿದೆ, 61,000 ತಡೆದರು. ಖಾತೆ ಬೇರೆ ಇಟ್ಟರೆ ಸಾಕು ಅನ್ನೋರಿಗೆ ಒಂದು ಮಾತು. ಎರಡು ಖಾತೆಯ ಮೆಸೇಜೂ ಅದೇ ಫೋನಿಗೆ ಬರುತ್ತಲ್ವಾ?

ಅಂಗಡಿ ಲೆಕ್ಕ: ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಬ್ಯಾಂಕ್ ಪೂರ್ತಿ ಕೊಡಬೇಕು. ಆರ್‌ಬಿಐ 2017ರಲ್ಲೇ ಹೇಳಿದೆ. ಸುಮ್ನೆ ಯಾಕೆ ಬಿಟ್ರಿ?

ಎರಡು ಮಕ್ಕಳ ತಾಯಿ: ಆ ನಿಯಮ ಪೂರ್ತಿ ಓದಿ ಮಾತಾಡಿ. ಗ್ರಾಹಕರ ಕಡೆಯಿಂದ ತಪ್ಪಾಗಿರಬಾರದು ಅಂತಲೂ ಇದೆ. ‘ಅನುಮತಿ ಕೊಟ್ಟಿದ್ದು ನೀವೇ’ ಅಂತ ಬ್ಯಾಂಕಿನವರು ಪತ್ರ ಕೊಟ್ಟಿದ್ದಾರೆ. ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆದಿದ್ದೇನೆ. ನಾನು ಬಿಟ್ಟಿಲ್ಲ.

ಹಳೇ ಕ್ಯಾಷಿಯರ್: ಅವರು ಕೇಳಿದ್ದು ಆಧಾರ್ ಬಗ್ಗೆ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಅಮ್ಮನ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ. ಅವರ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಿ.

ನಾನು ಕೌಂಟರಿನಲ್ಲಿದ್ದಾಗ ಒಬ್ಬ ಹಿರಿಯರು ಹೀಗೇ ಎಫ್‌ಡಿ ಮುರಿಸಲು ಬಂದಿದ್ದರು. ಕೈ ನಡುಗುತ್ತಿತ್ತು, ಅಂಗಿ ಜೇಬಿನಲ್ಲಿ ಫೋನಿನ ಬೆಳಕು ಕಾಣುತ್ತಿತ್ತು. ಬಾಯಿಬಿಟ್ಟು ಕೇಳದೆ ಚಲನ್ ಹಿಂದೆ ಬರೆದು ತೋರಿಸಿದೆ, ‘ಯಾರಾದರೂ ಹೆದರಿಸುತ್ತಿದ್ದಾರಾ?’ ಹೌದು ಅಂತ ತಲೆಯಾಡಿಸಿದರು. ಅವರ ದುಡ್ಡು ಉಳಿಯಿತು.

ನಿವೃತ್ತ ಮೇಷ್ಟ್ರು: ನನ್ನನ್ನು ಹಾಗೆ ಯಾರೂ ಕೇಳಲಿಲ್ಲ. ಎರಡು ಸಲ ಹೋಗಿದ್ದೆ.