ಹಳೆಯ ರಾಕ್ ಸಂಗೀತದ ಜಾಹೀರಾತುಗಳು: ಮಾರುವ ಮುನ್ನ ಪರೀಕ್ಷೆ ಬೇಕೇ?

ಪ್ರಶ್ನೆ (ಸಾಗರದಿಂದ)
ಕಲ್ಕತ್ತೆಯಲ್ಲಿ ನೌಕರಿಯಲ್ಲಿದ್ದ ನಮ್ಮ ಸೋದರಮಾವ ಕೂಡಿಟ್ಟಿದ್ದ, 1970ರ ದಶಕದ ರಾಕ್ ರೆಕಾರ್ಡುಗಳ ಜಾಹೀರಾತು ಹಾಳೆಗಳೂ ಸಂಗೀತ ಕಾರ್ಯಕ್ರಮಗಳ ಎರಡು ಭಿತ್ತಿಪತ್ರಗಳೂ ಅಟ್ಟದ ಟ್ರಂಕಿನಲ್ಲಿ ಸಿಕ್ಕಿವೆ. ಮಾರುವ ಮುನ್ನ ತಜ್ಞರಿಂದ ಅಸಲಿಯೆಂದು ದೃಢಪಡಿಸಿಕೊಳ್ಳುವುದು ಅಗತ್ಯವೇ?

ಉತ್ತರ (ತೀರ್ಥಹಳ್ಳಿಯಿಂದ)
ಪತ್ರಿಕೆಯಿಂದ ಬಿಡಿಸಿದ ಹಾಳೆಗಳಿಗೆ ಅಷ್ಟು ಖರ್ಚು ಮಾಡಬೇಡಿ. ತಜ್ಞರ ಶುಲ್ಕವೇ ಹಾಳೆಯ ಬೆಲೆಯನ್ನು ಮೀರೀತು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದರೆ, ಅಸಲಿ ಹಾಳೆಯ ಆಫ್‌ಸೆಟ್ (ಅಚ್ಚುಕೂಟದ ಯಂತ್ರದ) ಮುದ್ರಣದ ಬಣ್ಣದ ಚುಕ್ಕಿಗಳು ಸಾಲುಗಟ್ಟಿ ಪುಟ್ಟ ಹೂವಿನಾಕಾರದಲ್ಲಿ ಕೂಡಿರುತ್ತವೆ. ಕಂಪ್ಯೂಟರಿನ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನಕಲು ಪ್ರತಿಯಲ್ಲಿ ಅವು ರಾಗಿ ಚೆಲ್ಲಿದಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಹಿಂಬದಿಯನ್ನೂ ನೋಡಿ: ಅಲ್ಲಿ ಅದೇ ಸಂಚಿಕೆಯ ಲೇಖನವೋ ಇನ್ನೊಂದು ಜಾಹೀರಾತೋ ಇರಬೇಕು, ಖಾಲಿಯಿದ್ದರೆ ಅನುಮಾನಿಸಿ.

ಉತ್ತರ (ಶಿವಮೊಗ್ಗದಿಂದ)
ಭಿತ್ತಿಪತ್ರಗಳ ಮಾತು ಬೇರೆ. ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ಸಭಾಂಗಣದ 1960ರ ದಶಕದ ಭಿತ್ತಿಪತ್ರಗಳಲ್ಲಿ ಹಲವನ್ನು ಅಲ್ಲಿಯವರೇ ಮತ್ತೆ ಮುದ್ರಿಸಿದ್ದರಿಂದ, ಅಸಲಿಯಾದರೂ ಅದು ಮೊದಲ ಮುದ್ರಣವೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಅಂಥವಕ್ಕೆ ತಜ್ಞರ ಪತ್ರ ಬೇಕೇ ಬೇಕು. ನೇರಳಾತೀತ ದೀಪದಲ್ಲಿ ಹೊಳೆದದ್ದೆಲ್ಲ ನಕಲಿ ಎಂಬ ಮಾತನ್ನು ಪೂರ್ತಿ ನಂಬಬೇಡಿ, ಏಕೆಂದರೆ ಹಾಗೆ ಹೊಳೆಯುವ, ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕ 1950ರ ದಶಕದಲ್ಲೇ ಬಳಕೆಯಲ್ಲಿತ್ತು. ಅಂದ ಹಾಗೆ, ಬೂಷ್ಟಿನ ಕಲೆ ಹಳೆತನಕ್ಕೆ ಪುರಾವೆಯಲ್ಲ; ನಮ್ಮ ಮಲೆನಾಡಿನಲ್ಲಿ ಒಂದೇ ಮಳೆಗಾಲಕ್ಕೆ ಹೊಸ ಕ್ಯಾಲೆಂಡರಿಗೂ ಅದು ಹತ್ತುತ್ತದೆ.

ಪ್ರಶ್ನೆ ಕೇಳಿದವರು
ತಮ್ಮಿಬ್ಬರಿಗೂ ಧನ್ಯವಾದಗಳು. ಒಂದು ಭಿತ್ತಿಪತ್ರದ ನಡುವಿನ ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಮಾತ್ರ ತಾಗುವುದಿಲ್ಲ, ಗೆರೆಯೂ ಮುದ್ರಣವೇ! ಅದನ್ನು ನಕಲೆಂದೇ ತಿಳಿಸಿ ಮಾರುತ್ತೇನೆ, ಇನ್ನೊಂದನ್ನು ಪರೀಕ್ಷೆಗೆ ಕಳುಹಿಸುತ್ತೇನೆ.