ಸಮೇರಿಯಂ ಡೈಅಯೊಡೈಡ್ ನೀಲಿಯಾಗುತ್ತಿಲ್ಲ, ಮಡಿಕೇರಿ ಮಳೆ ಕಾರಣವಾ?

ಮಂಜಿನೂರು:
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಬೆಂಜಾಲ್ಡಿಹೈಡ್‌ನಿಂದ ಪಿನಕಾಲ್ (ಎರಡು ಆಲ್ಡಿಹೈಡ್ ಅಣು ಜೋಡಿಸಿದ ಡಯಾಲ್) ಮಾಡಬೇಕು, ಅದಕ್ಕೆ ಎಲೆಕ್ಟ್ರಾನ್ ಕೊಡುವ ಸಮೇರಿಯಂ ಡೈಅಯೊಡೈಡ್ ಬೇಕು, ಅದರ ದ್ರಾವಣ ಗಾಢ ನೀಲಿ ಇರಬೇಕು. 100 ಮಿ.ಲೀ. ಟಿಎಚ್‌ಎಫ್‌ಗೆ (ಟೆಟ್ರಾಹೈಡ್ರೋಫ್ಯುರಾನ್ ದ್ರಾವಕ) 2.54 ಗ್ರಾಂ ಅಯೋಡಿನ್, 1.5 ಗ್ರಾಂ ಸಮೇರಿಯಂ ಪುಡಿ ಹಾಕಿ ಆರ್ಗಾನ್‌ನಲ್ಲಿ ಕಲಕಲು ಬಿಟ್ಟೆ. ಕಂದು ಬಣ್ಣ ಹೋಗಿ ಹಳದಿ ಬಂತು, ಅಲ್ಲಿಗೇ ನಿಂತುಬಿಟ್ಟಿತು. ರಾತ್ರಿಯಿಡೀ ಕಲಕಿದರೂ ಸ್ವಲ್ಪ ಹಸಿರು, ಅಷ್ಟೇ. ಜುಲೈ ಮಳೆ, ಲ್ಯಾಬ್ ಗೋಡೆಯೇ ಬೆವರುತ್ತಿದೆ. ಟಿಎಚ್‌ಎಫ್ ತೇವ ಎಳೆದಿರಬೇಕು ಅಂತ ನೀರು ತೆಗೆಯುವ ಸೋಡಿಯಂ-ಬೆಂಜೋಫೆನೋನ್ ಮೇಲೆ ಮತ್ತೆ ಬಟ್ಟಿ ಇಳಿಸಿದೆ, ಆದರೂ ಅದೇ ಹಳದಿ.

ಕುಶಾಲನಗರದವ:
ಸೆಪ್ಟಮ್ (ಫ್ಲಾಸ್ಕಿನ ರಬ್ಬರ್ ಮುಚ್ಚಳ) ಹಳೇದಾ? ಸೂಜಿ ಚುಚ್ಚಿ ಚುಚ್ಚಿ ತೂತಾಗಿದ್ದರೆ ಗಾಳಿ ಹೋಗುತ್ತೆ. ಬದಲಾಯಿಸಿ ನೋಡಿ.

ತೋಟದ ಕೆಮಿಸ್ಟ್:
ಮಳೆಯನ್ನು ಬೈಯುವ ಮುಂಚೆ ಆ ಲೋಹದ ಬಾಟಲಿ ನೋಡಿ ಮಾರಾಯ್ರೆ. ಸೀಲ್ ಯಾವಾಗ ಒಡೆದದ್ದು, ಎಲ್ಲಿಟ್ಟಿದ್ದಾರೆ?

ಮಂಜಿನೂರು:
ಹಿಂದಿನ ಬ್ಯಾಚಿನವರು ಒಡೆದದ್ದು ಸರ್. ಕಪಾಟಿನಲ್ಲಿ ಸುಮ್ನೆ ಮುಚ್ಚಳ ಹಾಕಿ ಇಟ್ಟಿದ್ದರು. ಪುಡಿ ಮಂಕಾಗಿ ಬೂದು ಬಣ್ಣಕ್ಕಿದೆ. ಅಯೋಡಿನ್ ಬಿಟ್ಟು ಡೈಅಯೊಡೋಈಥೇನ್ ಹಾಕಲಾ?

ತೋಟದ ಕೆಮಿಸ್ಟ್:
ಸಿಕ್ಕಿತಲ್ಲ! ಮೊದಲು ಅಯೋಡಿನ್ ಸಮೇರಿಯಂ ಜೊತೆ ಸೇರಿ ಟ್ರೈಅಯೊಡೈಡ್ ಆಗುತ್ತೆ, ನಿಮ್ಮ ಹಳದಿ ಅದೇ. ಉಳಿದ ಲೋಹ ಅದರಲ್ಲಿರುವ +3 ಸ್ಥಿತಿಯ ಸಮೇರಿಯಂಗೆ ಎಲೆಕ್ಟ್ರಾನ್ ಕೊಟ್ಟು +2ಕ್ಕೆ ಇಳಿಸಿದರೆ ಮಾತ್ರ ಡೈಅಯೊಡೈಡ್, ಅಂದರೆ ನೀಲಿ. ಹಸಿರು ಅಂದರೆ ಎರಡೂ ಬೆರೆತು ಅರ್ಧದಾರಿಯಲ್ಲಿ ನಿಂತಿದೆ. ಪುಡಿಯ ಮೇಲೆ ಆಕ್ಸೈಡ್ ಪದರ ಕೂತಿದೆ, ಒಳಗಿನ ಲೋಹ ಹೊರಗೆ ಬರುತ್ತಿಲ್ಲ. ಒಣಗಿಸಿದ ಕಾಫಿ ಮಳೆಗಾಲದಲ್ಲಿ ಮತ್ತೆ ತೇವ ಎಳೆಯುವ ಹಾಗೆ ಬಾಟಲಿಯೊಳಗೇ ಕೆಟ್ಟಿದೆ. ಹಾಗಾಗಿ ಮಳೆ ಕಾರಣವೇ, ಆದರೆ ಟಿಎಚ್‌ಎಫ್‌ನಲ್ಲಿ ಅಲ್ಲ.

ಇದು ನನ್ನ ಊಹೆ ಅಲ್ಲ. 2012ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗುಂಪು ಇದನ್ನೇ ಪರೀಕ್ಷೆ ಮಾಡಿ, ಟಿಎಚ್‌ಎಫ್‌ನಲ್ಲಿರುವ ನೀರು, ಆಕ್ಸಿಜನ್, ಪೆರಾಕ್ಸೈಡ್ ಇವುಗಳಿಂದ ತಯಾರಿಗೆ ಅಷ್ಟೇನೂ ತೊಂದರೆ ಇಲ್ಲ, ಕೆಡುವುದು ಹೆಚ್ಚಾಗಿ ಕಳಪೆ ಲೋಹದಿಂದ ಅಂತ ಹೇಳಿದೆ. (ಹಾಗಂತ ಪೆರಾಕ್ಸೈಡ್ ಇರುವ ಟಿಎಚ್‌ಎಫ್ ಬಟ್ಟಿ ಇಳಿಸಲು ಹೋಗಬೇಡಿ, ಅದು ಸಿಡಿಯುತ್ತೆ.)

ಡೈಅಯೊಡೋಈಥೇನ್ ಕಗಾನ್ ಅವರ 1977ರ ದಾರಿ, ಚೆನ್ನಾಗಿಯೇ ಇದೆ. ಆದರೆ ಎಥಿಲೀನ್ ಅನಿಲ ಬರುತ್ತೆ, ಹೊರಹೋಗಲು ದಾರಿ ಬಿಡಬೇಕು. ಲೋಹ ಸತ್ತಿದ್ದರೆ ಅದೂ ದಂಡ.

ಮಾಡಬೇಕಾದದ್ದು ಇಷ್ಟು. ತುಂಡು ಸಮೇರಿಯಂ ಇದ್ದರೆ ಅರದಿಂದ ಉಜ್ಜಿ ಹೊಳೆಯುವ ಹೊಸ ಪುಡಿ ತೆಗೆದು ಆಗಲೇ ಬಳಸಿ. ತುಂಡು ಇಲ್ಲದಿದ್ದರೆ ಇರುವ ಪುಡಿಯನ್ನೇ ದ್ರಾವಕ ಹಾಕದೆ, ಒಣ ಆರ್ಗಾನ್‌ನಲ್ಲಿ ಜೋರಾಗಿ ರಾತ್ರಿಯಿಡೀ ಕಲಕಿ. ಒಂದಕ್ಕೊಂದು ಉಜ್ಜಿ ಪದರ ಕಿತ್ತು ಬರುತ್ತೆ. ಆಮೇಲೆ ಟಿಎಚ್‌ಎಫ್, ಅಯೋಡಿನ್. ಇನ್ನೊಂದು, 1.5 ಗ್ರಾಂ ಅಂದರೆ ಲೆಕ್ಕಕ್ಕೆ ಸರಿಯಾಗಿ ಅಷ್ಟೇ. 2 ಗ್ರಾಂ ಹಾಕಿ, ಜಾಸ್ತಿ ಲೋಹ ತಳದಲ್ಲಿ ಉಳಿದರೆ ಒಳ್ಳೆಯದೇ. ಹೊಸ ಪುಡಿ ಬೆಂಕಿ ಹಿಡಿಯುವ ಸರಕು, ಪಕ್ಕದಲ್ಲಿ ಒಣ ಮರಳು ಇರಲಿ, ನೀರು ಬೇಡ.

ಕುಶಾಲನಗರದವ:
ರಾತ್ರಿಯಿಡೀ ಅಂತೀರಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇರಬೇಕಲ್ಲ! ಸ್ಟಿರರ್‌ಗೆ ಯುಪಿಎಸ್ ಕೊಡಿ.

ಮಂಜಿನೂರು:
ಸರ್, ಒಣಪುಡಿ ಕಲಕಿ ಮಾಡಿದೆ. ಹಳದಿ, ಹಸಿರು ದಾಟಿ ಮಸಿಯಂಥ ಗಾಢ ನೀಲಿ ಬಂತು!! ಇದು ಎಷ್ಟು ದಿನ ಇರುತ್ತೆ? ಆಲ್ಡಿಹೈಡ್ ಎಷ್ಟು ಹಾಕಲಿ?

ತೋಟದ ಕೆಮಿಸ್ಟ್:
ಲೋಹದ ಮೇಲೆಯೇ, ಆರ್ಗಾನ್‌ನಲ್ಲಿ, ಕತ್ತಲಲ್ಲಿ ಇಡಿ. ಬಳಸುವ ದಿನ ಅಯೋಡಿನ್ ಜೊತೆ ಟೈಟ್ರೇಷನ್ ಮಾಡಿ ಎಷ್ಟು ಸಾಂದ್ರತೆ ಇದೆ ಅಳೆಯಿರಿ, ಬಣ್ಣ ನೋಡಿ ನಂಬಬೇಡಿ. ಪೂರ್ತಿ 0.1 ಮೋಲಾರ್ ಬಂದಿದ್ದರೆ 100 ಮಿ.ಲೀ.ಗೆ ಬೆಂಜಾಲ್ಡಿಹೈಡ್ 1.06 ಗ್ರಾಂ, ಒಂದಕ್ಕೆ ಒಂದು. ಇದರ ಬಲ ಹೆಚ್ಚಿಸಲು ಕೆಲವರು ಸೇರಿಸುವ ಎಚ್‌ಎಂಪಿಎ ಬೇಕಾಗಿಲ್ಲ, ಅದು ಕ್ಯಾನ್ಸರ್ ತರಬಹುದಾದ ಸಾಮಾನು. ಆಲ್ಡಿಹೈಡ್ ಮಾತ್ರ ಹೊಸದಾಗಿ ಬಟ್ಟಿ ಇಳಿಸಿದ್ದೇ ಇರಲಿ, ಹಳೆ ಬಾಟಲಿಯಲ್ಲಿ ಬೆಂಜೋಯಿಕ್ ಆಮ್ಲ ಕೂತಿರುತ್ತೆ, ಅದು ನಿಮ್ಮ ನೀಲಿಯನ್ನು ತಿಂದುಬಿಡುತ್ತೆ.